ಸಾರಥಿಯ ಶಿಕ್ಷಣದ ವೆಚ್ಚವನ್ನು ಹೊರತಕ್ಕವರು ಯಾರು?

ಅಫಜಲಪುರದ ಭೀಮಾತೀರದಲ್ಲಿ ಕಬ್ಬಿನ ಹಂಗಾಮು ಮೊದಲಾಯಿತೆಂದರೆ ಆ ತಾಲೂಕಿನ ರಸ್ತೆಗಳ ಸ್ವರೂಪವೇ ಬೇರೆಯಾಗುತ್ತದೆ. ಒಂದು ಟ್ರ್ಯಾಕ್ಟರು, ಅದರ ಬೆನ್ನಿಗೆ ಎರಡು ಟ್ರೇಲರು, ಅವುಗಳ ಮೇಲೆ ಆಳೆತ್ತರಕ್ಕೂ ಮಿಗಿಲಾಗಿ ಒಟ್ಟಿದ ಕಬ್ಬು. ಹವಳಗಾದ ಕಡೆಗೆ ಇಂತಹ ಬಂಡಿಗಳ ಸಾಲು ಹಗಲಿರುಳೆನ್ನದೆ ಸಾಗುತ್ತಿರುತ್ತದೆ. ಇವುಗಳ ನಡುವೆಯೇ ದೇವಲ ಗಾಣಗಾಪುರದಲ್ಲಿ ದತ್ತಾತ್ರೇಯನ ದರ್ಶನಕ್ಕೆಂದು ಸೊಲ್ಲಾಪುರ, ಅಕ್ಕಲಕೋಟೆಗಳಿಂದ ಬರುವ ಯಾತ್ರಿಕರ ಜೀಪುಗಳು, ಘತ್ತರಗಿಯ ಭಾಗ್ಯವಂತಿಗೆ ನಡೆದುಕೊಳ್ಳುವ ಭಕ್ತರನ್ನು ತುಂಬಿಕೊಂಡ ಟಂಟಂಗಳು, ಕಲಬುರಗಿಯ ಅಡತಿಗೆ ತೊಗರಿಯನ್ನು ಒಯ್ಯುವ ಲಾರಿಗಳು, ಶಾಲೆಯ ಮಕ್ಕಳನ್ನು ಹೊತ್ತ ಸರಕಾರೀ ಮೋಟಾರುಗಳು ದಾರಿ ಮಾಡಿಕೊಳ್ಳುತ್ತವೆ. ಅಫಜಲಪುರ, ಆಳಂದ, ಜೇವರ್ಗಿ ಈ ಮೂರು ತಾಲೂಕುಗಳ ಮುಖ್ಯ ಪಟ್ಟಣಗಳಿಗೆ ರೈಲು ನಿಲ್ದಾಣವಿಲ್ಲ. ಗಾಣಗಾಪುರದ ಹೆಸರನ್ನು ಹೊತ್ತ ನಿಲ್ದಾಣವು ಸಹ ಕ್ಷೇತ್ರದಿಂದ ಸುಮಾರು ಇಪ್ಪತ್ತು ಕಿಲೋಮೀಟರು ದೂರದಲ್ಲಿದೆ. ಆದುದರಿಂದ ಇಲ್ಲಿಯ ಜನರ ಬೆಳೆ, ಬದುಕು, ದೇವರು, ದವಾಖಾನೆ ಎಲ್ಲವೂ ಮೋಟಾರಿನ ಗಾಲಿಯ ಮೇಲೆಯೇ ನಿಂತಿವೆಯೆಂದರೆ ಅತಿಶಯೋಕ್ತಿಯಲ್ಲ. ಆ ಗಾಲಿಯನ್ನು ತಿರುಗಿಸುವವನು ಚಾಲಕನು. ಅವನ ಕೈಯಲ್ಲಿ ನಮ್ಮೆಲ್ಲರ ಪ್ರಾಣವಿರುವುದು.

ಇಷ್ಟು ದೊಡ್ಡ ಹೊಣೆಯನ್ನು ಹೊತ್ತ ಮನುಷ್ಯನು ತನ್ನ ವಿದ್ಯೆಯನ್ನು ಎಲ್ಲಿ ಕಲಿತನು, ಯಾರಿಂದ ಕಲಿತನು, ಅದಕ್ಕೆ ಹಣವನ್ನು ಯಾರು ಕೊಟ್ಟರು? ಪ್ರಶ್ನೆಯು ಸರಳವಾಗಿ ಕಾಣುತ್ತದೆ. ಆದರೆ ಇದಕ್ಕೆ ನಮ್ಮ ಕಾಯಿದೆಯಲ್ಲಿ ಉತ್ತರವಿಲ್ಲ. ಈ ಉತ್ತರವಿಲ್ಲದಿರುವುದರಿಂದಲೇ ನಮ್ಮ ರಸ್ತೆಗಳಲ್ಲಿ ನಡೆಯುವ ಎಷ್ಟೋ ಅನರ್ಥಗಳಿಗೆ ಬಾಗಿಲು ತೆರೆದಂತಾಗಿದೆಯೆಂಬುದನ್ನು ಇಂದು ವಾಚಕರ ಮುಂದೆ ಇಡಬಯಸುತ್ತೇವೆ.

ಗುರುಕುಲವಿಲ್ಲದ ವಿದ್ಯೆ

ಭಾರೀ ಮೋಟಾರನ್ನು ನಡೆಸುವ ವಿದ್ಯೆಯು ನಮ್ಮಲ್ಲಿ ಬಹುಕಾಲದಿಂದ ಬಂದಿರುವ ಕ್ರಮ ಹೀಗಿದೆ. ಶಾಲೆ ಬಿಟ್ಟ ಹುಡುಗನು ಲಾರಿಯ ಮೇಲೆ ಕ್ಲೀನರನಾಗಿ ಸೇರುತ್ತಾನೆ. ಗಾಲಿಗೆ ಕಲ್ಲು ಕೊಡುವುದು, ಗಾಜು ಒರೆಸುವುದು, ಹಗ್ಗ ಬಿಗಿಯುವುದು, ಹಿಂದೆ ಸರಿಯುವಾಗ ಕೂಗಿ ಹೇಳುವುದು, ಇವು ಮೊದಲಿನ ಪಾಠಗಳು. ಡ್ರೈವರನಿಗೆ ನಿದ್ದೆ ಬಂದ ರಾತ್ರಿ, ರಸ್ತೆ ಬರಿದಾಗಿರುವ ಹೊತ್ತಿನಲ್ಲಿ, ಅವನ ಕೈಗೆ ಚಕ್ರ ಬರುತ್ತದೆ. ಗುರುವಿನ ದಣಿವೇ ಶಿಷ್ಯನ ಶಾಲೆ. ಈ ಕ್ರಮದಲ್ಲಿ ಗಟ್ಟಿಗರಾದ ಚಾಲಕರು ತಯಾರಾಗಿಲ್ಲವೆಂದು ನಾವು ಹೇಳುವುದಿಲ್ಲ. ಮುಂಬಯಿಯ ಘಾಟುಗಳನ್ನು ಮೂವತ್ತು ವರುಷ ಹತ್ತಿಳಿದು ಒಂದು ಗೀರು ಸಹ ಬೀಳಿಸದ ಹಿರಿಯ ಚಾಲಕರು ನಮ್ಮ ಸೀಮೆಯ ಊರೂರಿಗೂ ಸಿಗುತ್ತಾರೆ. ಆದರೆ ಈ ವಿದ್ಯೆಯಲ್ಲಿ ಗುರುವಿನ ಗುಣದೊಂದಿಗೆ ಗುರುವಿನ ದೋಷವೂ ಶಿಷ್ಯನಿಗೆ ಇಳಿದುಬರುತ್ತದೆ. ಗುರುವು ರಸ್ತೆಯ ಮೇಲೆಯೇ ಲಾರಿ ನಿಲ್ಲಿಸಿ ಚಹಕ್ಕೆ ಹೋಗುತ್ತಿದ್ದರೆ ಶಿಷ್ಯನೂ ಹಾಗೆಯೇ ಮಾಡುತ್ತಾನೆ.

ಈ ಕೊನೆಯ ಮಾತು ಸಣ್ಣದೆಂದು ತೋರಬಹುದು. ಆದರೆ ನಮ್ಮ ಜಿಲ್ಲೆಯು ಅದರ ಬೆಲೆಯನ್ನು ಕಂಡಿದೆ. ೨೦೨೦ನೆಯ ಸೆಪ್ಟೆಂಬರದಲ್ಲಿ ಆಳಂದ ರಸ್ತೆಯ ಸಾವಳಗಿಯ ಹತ್ತಿರ, ಗರ್ಭಿಣಿಯೊಬ್ಬಳನ್ನು ನಸುಕಿನಲ್ಲಿ ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಕಾರು ನಿಂತಿದ್ದ ಲಾರಿಗೆ ಬಡಿದು, ಆಕೆಯೂ ಸೇರಿ ಏಳು ಜನರು ಮಡಿದರು. ೨೦೨೫ನೆಯ ಎಪ್ರಿಲದಲ್ಲಿ ಜೇವರ್ಗಿ ತಾಲೂಕಿನ ನೆಲೋಗಿ ಕ್ರಾಸಿನ ಬಳಿ, ಕಲಬುರಗಿಯ ಬಂದೇನವಾಜರ ದರ್ಗಾದ ದರ್ಶನಕ್ಕೆ ಬರುತ್ತಿದ್ದ ಬಾಗಲಕೋಟೆಯ ಕಡೆಯ ಜನರ ವಾಹನವು ಹಾಗೆಯೇ ನಿಂತಿದ್ದ ಲಾರಿಗೆ ಬಡಿದು ಐವರು ತೀರಿಕೊಂಡರು. ಈ ಎರಡರಲ್ಲಿ ಯಾರ ತಪ್ಪು ಎಷ್ಟೆಂಬುದನ್ನು ನಿರ್ಣಯಿಸುವುದು ನ್ಯಾಯಾಸ್ಥಾನದ ಕೆಲಸ, ಪತ್ರಿಕೆಯದಲ್ಲ. ನಾವು ಹೇಳುವುದಿಷ್ಟೇ: ಲಾರಿಯನ್ನು ಓಡಿಸಲು ಕಲಿತರೆ ಸಾಲದು, ನಿಲ್ಲಿಸಲೂ ಕಲಿಯಬೇಕು. ಕತ್ತಲೆಯಲ್ಲಿ ನಿಂತ ವಾಹನದ ಹಿಂದೆ ಎಷ್ಟು ದೂರದಲ್ಲಿ ಗುರುತನ್ನು ಇಡಬೇಕು, ಹಿಂಬದಿಯ ದೀಪ ಕೆಟ್ಟಾಗ ಏನು ಮಾಡಬೇಕು, ಎದುರಿಗೆ ನಿಂತಿರುವುದನ್ನು ಕಂಡ ಕ್ಷಣದಿಂದ ಬ್ರೇಕು ಹಿಡಿಯುವವರೆಗೆ ಬಂಡಿ ಎಷ್ಟು ದೂರ ಓಡಿರುತ್ತದೆ, ಬೆಳಗಿನ ಜಾವದ ನಿದ್ದೆ ಎಂತಹ ವೈರಿ, ಇವೆಲ್ಲ ರಾತ್ರಿಯ ಬರಿದಾದ ರಸ್ತೆಯಲ್ಲಿ ತಾನಾಗಿ ಬರುವ ವಿದ್ಯೆಗಳಲ್ಲ. ಇವನ್ನು ಕುಳ್ಳಿರಿಸಿ ಹೇಳಿಕೊಡಬೇಕು. ಇಡೀ ದೇಶದಲ್ಲಿ ೨೦೨೨ನೆಯ ಒಂದೇ ವರುಷದಲ್ಲಿ ರಸ್ತೆಯ ಮೇಲೆ ೧,೬೮,೪೯೧ ಜನರು ಸತ್ತರೆಂದು ಕೇಂದ್ರ ಸರಕಾರದ ವರದಿಯು ತಿಳಿಸುತ್ತದೆ. ಯಾವ ಯುದ್ಧದಲ್ಲಿ ಇಷ್ಟು ಜನರನ್ನು ಕಳೆದುಕೊಂಡು ನಾವು ಸುಮ್ಮನಿರುತ್ತಿದ್ದೆವು?

ಕಾಯಿದೆಯ ಮಾತು ಮತ್ತು ಮೌನ

ಕಾಯಿದೆಯು ತರಬೇತಿಯ ಬಗೆಗೆ ಮೂಕವಾಗಿದೆಯೆಂದು ಯಾರೂ ತಿಳಿಯಬಾರದು. ೧೯೮೮ರ ಮೋಟಾರು ವಾಹನ ಕಾಯಿದೆ ಮತ್ತು ೧೯೮೯ರ ಕೇಂದ್ರ ನಿಯಮಗಳು ಈ ವಿಷಯದಲ್ಲಿ ಸಾಕಷ್ಟು ಮಾತನಾಡುತ್ತವೆ. ಸಾರಿಗೆ ವಾಹನವನ್ನು ನಡೆಸಬಯಸುವವನಿಗೆ ಇಪ್ಪತ್ತು ವರುಷ ತುಂಬಿರಬೇಕು. ಅವನು ಮೊದಲು ಲಘು ವಾಹನದ ಪರವಾನಿಗೆಯನ್ನು ಪಡೆದು ಒಂದು ವರುಷವನ್ನಾದರೂ ಕಳೆದಿರಬೇಕು. ಸಾರಿಗೆ ವಾಹನದ ಶಿಕ್ಷಣವು ಮೂವತ್ತು ದಿನಗಳಿಗೆ ಕಡಿಮೆಯಾಗಕೂಡದು. ಅದರಲ್ಲಿ ಹದಿನೈದು ತಾಸುಗಳಾದರೂ ಶಿಷ್ಯನು ಸ್ವತಃ ಚಕ್ರವನ್ನು ಹಿಡಿದಿರಬೇಕು. ಸ್ಫೋಟಕ, ಇಂಧನ, ವಿಷಾನಿಲಗಳಂತಹ ಅಪಾಯಕರ ಸರಕನ್ನು ಸಾಗಿಸುವವನು ಇದರ ಮೇಲೆ ಮೂರು ದಿನಗಳ ವಿಶೇಷ ಶಿಕ್ಷಣವನ್ನು ಹೊಂದಬೇಕು. ೨೦೨೧ರ ಜುಲೈಯಿಂದ ಜಾರಿಗೆ ಬಂದ ಹೊಸ ನಿಯಮಗಳು ಮಾನ್ಯತೆ ಪಡೆದ ತರಬೇತಿ ಕೇಂದ್ರಗಳೆಂಬ ಬೇರೊಂದು ವರ್ಗವನ್ನೇ ನಿರ್ಮಿಸಿದವು. ಭಾರೀ ವಾಹನದ ಕೇಂದ್ರಕ್ಕೆ ಬಯಲು ಸೀಮೆಯಲ್ಲಿ ಎರಡು ಎಕರೆ ನೆಲವಿರಬೇಕು. ಅಲ್ಲಿಯ ಪಾಠಕ್ರಮವು ಆರು ವಾರಗಳಲ್ಲಿ ಮೂವತ್ತೆಂಟು ತಾಸುಗಳದು. ಅಲ್ಲಿ ಉತ್ತೀರ್ಣನಾದವನಿಗೆ ಸಾರಿಗೆ ಕಚೇರಿಯ ಚಾಲನಾ ಪರೀಕ್ಷೆಯಿಂದ ವಿನಾಯಿತಿಯುಂಟು. ೨೦೧೯ರ ತಿದ್ದುಪಡಿಯು ಇನ್ನೊಂದು ಹೆಜ್ಜೆ ಮುಂದಿಟ್ಟು, ತಪ್ಪು ಮಾಡಿ ಪರವಾನಿಗೆ ಕಳೆದುಕೊಂಡವನು ಮರುತರಬೇತಿಯನ್ನು ಹೊಂದಿದ ಹೊರತು ಅದನ್ನು ಮರಳಿ ಪಡೆಯಕೂಡದೆಂದು ವಿಧಿಸಿತು.

ಆ ವರುಷವೇ ಸರಕಾರವು ಸಾರಿಗೆ ಚಾಲಕನು ಎಂಟನೆಯ ಇಯತ್ತೆಯವರೆಗೆ ಓದಿರಬೇಕೆಂಬ ನಿಬಂಧನೆಯನ್ನು ತೆಗೆದುಹಾಕಿತು. ಬಡವರಿಗೆ ಉದ್ಯೋಗದ ಬಾಗಿಲು ತೆರೆಯಬೇಕೆಂಬುದು ಅದರ ಉದ್ದೇಶ. ಅದನ್ನು ನಾವು ಮೆಚ್ಚುತ್ತೇವೆ. ೨೦೨೪ರ ನವೆಂಬರದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ೭,೫೦೦ ಕಿಲೋಗ್ರಾಮಿಗೆ ಮೀರದ ಸಾರಿಗೆ ವಾಹನವನ್ನು ಲಘು ವಾಹನದ ಪರವಾನಿಗೆಯುಳ್ಳವನು ಬೇರೆ ಅನುಮತಿಯಿಲ್ಲದೆಯೇ ನಡೆಸಬಹುದೆಂದು ತೀರ್ಪಿತ್ತಿತು. ಇದರಿಂದಲೂ ಸಹಸ್ರಾರು ಸಣ್ಣ ಚಾಲಕರಿಗೆ ಉಪಕಾರವಾಯಿತು. ಆದರೆ ಶಾಲೆಯ ಓದಿನ ಕಟ್ಟು ಸಡಿಲಾದಷ್ಟೂ, ಪರವಾನಿಗೆಯ ಕಟ್ಟು ಸಡಿಲಾದಷ್ಟೂ, ಚಾಲನೆಯ ಶಿಕ್ಷಣದ ಭಾರ ಹೆಚ್ಚಾಗುತ್ತದೆಂಬುದು ಯಾರಿಗಾದರೂ ಹೊಳೆಯತಕ್ಕ ಮಾತು. ಅಕ್ಷರ ಬಾರದವನಿಗೆ ಚಕ್ರವನ್ನು ಕೊಡುವುದು ಅನ್ಯಾಯವಲ್ಲ. ಕಲಿಸದೆ ಕೊಡುವುದು ಅನ್ಯಾಯ.

ಕಾಯಿದೆಯು ಹೀಗೆ ಯಾರು ಕಲಿಯಬೇಕು, ಎಷ್ಟು ದಿನ ಕಲಿಯಬೇಕು, ಎಷ್ಟು ಎಕರೆ ನೆಲದಲ್ಲಿ ಕಲಿಯಬೇಕು ಎಂಬುದನ್ನೆಲ್ಲ ಹೇಳಿ, ಅದರ ವೆಚ್ಚವನ್ನು ಯಾರು ತೆರಬೇಕೆಂಬಲ್ಲಿಗೆ ಬಂದು ಮೌನವನ್ನು ತಾಳುತ್ತದೆ. ಕಾಯಿದೆಯ ಮೌನವು ಯಾವಾಗಲೂ ಬಲಿಷ್ಠನ ಪಕ್ಷವನ್ನೇ ವಹಿಸುತ್ತದೆ. ಇಲ್ಲಿಯೂ ಹಾಗೆಯೇ ಆಗಿದೆ. ಯಾರ ಮೇಲೂ ಹೊರಿಸದ ಭಾರವು ತಾನಾಗಿ ಉರುಳಿ ಎಲ್ಲರಿಗಿಂತ ಕೆಳಗೆ ನಿಂತವನ ತಲೆಯ ಮೇಲೆ ಬೀಳುತ್ತದೆ.

ಐದು ರೂಪಾಯಿಯ ಲೆಕ್ಕ

ಈ ಭಾರ ಎಷ್ಟೆಂಬುದನ್ನು ಅಳೆದು ನೋಡೋಣ. ನಮ್ಮ ರಾಜ್ಯ ಸರಕಾರವು ೨೦೨೪ರ ಜನವರಿಯಿಂದ ಚಾಲನಾ ಶಾಲೆಗಳ ಶುಲ್ಕವನ್ನು ಏರಿಸಿತು. ಸಾರಿಗೆ ವಾಹನದ ಶಿಕ್ಷಣಕ್ಕೆ ಆರು ಸಾವಿರವಿದ್ದುದು ಒಂಬತ್ತು ಸಾವಿರ ರೂಪಾಯಿಯಾಯಿತು. ಅಫಜಲಪುರದ ಒಬ್ಬ ಕ್ಲೀನರನಿಗೆ ಇದರ ಅರ್ಥವೇನು? ಒಂಬತ್ತು ಸಾವಿರವನ್ನು ಮುಂಗಡವಾಗಿ ತೆರಬೇಕು. ಭಾರೀ ವಾಹನದ ಒಳ್ಳೆಯ ಶಿಕ್ಷಣ ಬೇಕೆಂದರೆ ಸುಮಾರು ಅರವತ್ತು ಕಿಲೋಮೀಟರು ದೂರದ ಕಲಬುರಗಿಗೋ, ಅದಕ್ಕೂ ಆಚೆಗೋ ಹೋಗಿ ನಿಲ್ಲಬೇಕು. ಊಟ ವಸತಿಗಳ ಖರ್ಚು ಬೇರೆ. ಎಲ್ಲಕ್ಕಿಂತ ಮಿಗಿಲಾಗಿ, ಆ ಮೂವತ್ತು ದಿನಗಳ ಕೂಲಿ ಹೋಗುತ್ತದೆ. ಶುಲ್ಕಕ್ಕಿಂತ ಈ ಕೂಲಿಯ ನಷ್ಟವೇ ಅವನಿಗೆ ದೊಡ್ಡದು. ಮನೆಯಲ್ಲಿ ದುಡಿಯುವವನು ಅವನೊಬ್ಬನೇ ಆಗಿದ್ದರೆ ಸಾಲವಲ್ಲದೆ ಬೇರೆ ದಾರಿಯಿಲ್ಲ. ಸಾಲವನ್ನು ಕೊಡುವವನು ಬಹುಮಟ್ಟಿಗೆ ಲಾರಿಯ ಮಾಲೀಕನೇ. ಅಲ್ಲಿಂದ ಮುಂದೆ ಆ ಹುಡುಗನು ಸಾಲ ತೀರುವವರೆಗೆ ಆ ಮಾಲೀಕನ ಮಾತನ್ನು ಮೀರುವಂತಿಲ್ಲ. ಹೆಚ್ಚು ಹೇರಿದರೂ ಹೊರಡಬೇಕು, ಎರಡು ರಾತ್ರಿ ನಿದ್ದೆಯಿಲ್ಲದಿದ್ದರೂ ಹೊರಡಬೇಕು. ಅಪಾಯವನ್ನು ತಪ್ಪಿಸಲೆಂದು ವಿಧಿಸಿದ ಶಿಕ್ಷಣವೇ ಹೀಗೆ ಅಪಾಯಕ್ಕೆ ಕಾರಣವಾಗುತ್ತದೆ. ಇದನ್ನು ತಪ್ಪಿಸಬಯಸುವವನು ಶಾಲೆಗೆ ಹೋಗದೆಯೇ ಶಾಲೆಯ ಕಾಗದವನ್ನು ಸಂಪಾದಿಸುವ ಉಪಾಯವನ್ನು ಹುಡುಕುತ್ತಾನೆ. ಅಂತಹ ಕಾಗದವು ಸಾರಿಗೆ ಕಚೇರಿಯನ್ನು ಒಪ್ಪಿಸೀತು. ಕತ್ತಲೆಯ ರಸ್ತೆಯನ್ನು ಒಪ್ಪಿಸಲಾರದು.

ಇನ್ನು ಇದೇ ಒಂಬತ್ತು ಸಾವಿರವನ್ನು ಇನ್ನೊಂದು ಕಡೆಯಿಂದ ನೋಡೋಣ. ಸಾರಿಗೆ ಪರವಾನಿಗೆಯ ಅವಧಿಯು ಈಗ ಐದು ವರುಷ. ಆ ಶುಲ್ಕವನ್ನು ಐದು ವರುಷಗಳಿಗೆ ಹಂಚಿದರೆ ವರುಷಕ್ಕೆ ೧,೮೦೦, ತಿಂಗಳಿಗೆ ೧೫೦, ದಿನಕ್ಕೆ ಐದು ರೂಪಾಯಿ. ಲಾರಿಯೊಂದು ದಿನಕ್ಕೆ ಸುಡುವ ಡೀಸಲಿನ ಮುಂದೆ, ಟಾಯರಿನ ಸವೆತದ ಮುಂದೆ, ಈ ಐದು ರೂಪಾಯಿ ಲೆಕ್ಕಕ್ಕೇ ಬಾರದು. ಮೊತ್ತವು ಒಂದೇ, ಆದರೆ ಹೊರುವವನು ಬೇರೆಯಾದಾಗ ಅದರ ತೂಕವೂ ಬೇರೆಯಾಗುತ್ತದೆ. ನಮ್ಮ ವಾದದ ತಿರುಳೆಲ್ಲ ಇಲ್ಲಿದೆ.

ಮಾಲೀಕರ ವಾದ

ಮಾಲೀಕರಿಗೆ ತಮ್ಮದೇ ಆದ ವಾದವುಂಟು. ಅದನ್ನು ನ್ಯಾಯದೃಷ್ಟಿಯಿಂದ ಕೇಳಬೇಕು. ಅವರು ಹೇಳುವುದೇನೆಂದರೆ: ನಾವು ಹಣ ಕೊಟ್ಟು ಕಲಿಸಿದ ಚಾಲಕನು ನಾಳೆಯೇ ಸೊಲ್ಲಾಪುರದ ಇನ್ನೊಬ್ಬ ಮಾಲೀಕನು ನೂರು ರೂಪಾಯಿ ಬತ್ತಾ ಹೆಚ್ಚು ಕೊಟ್ಟನೆಂದು ಹೊರಟುಹೋದರೆ ನಮ್ಮ ಗತಿಯೇನು? ನಾವು ಬಿತ್ತಿದ ಹೊಲವನ್ನು ಇನ್ನೊಬ್ಬನು ಕೊಯ್ಯುವುದಾದರೆ ಬಿತ್ತುವವರು ಯಾರು? ಈ ಮಾತಿನಲ್ಲಿ ಸತ್ಯವಿದೆ. ಕಲಿಸುವ ಮಾಲೀಕನು ದಂಡ ತೆತ್ತು, ಕಲಿಸದ ಮಾಲೀಕನು ಲಾಭ ಪಡೆಯುವ ವ್ಯವಸ್ಥೆಯಲ್ಲಿ ಕಲಿಸುವವರ ಸಂಖ್ಯೆ ಕಡಿಮೆಯಾಗುತ್ತಲೇ ಹೋಗುವುದು ಸ್ವಾಭಾವಿಕ. ಇದಲ್ಲದೆ ನಮ್ಮ ತಾಲೂಕುಗಳ ಮಾಲೀಕರು ದೊಡ್ಡ ಕಂಪನಿಗಳವರಲ್ಲ. ಹೊಲವನ್ನು ಅಡವಿಟ್ಟು ಒಂದು ಲಾರಿ, ಒಂದು ಟ್ರ್ಯಾಕ್ಟರು ಕೊಂಡು ಕಂತು ಕಟ್ಟುತ್ತಿರುವವರು ಬಹಳ. ಎಷ್ಟೋ ಕಡೆ ಮಾಲೀಕನೇ ಚಾಲಕನು. ೧೯೬೧ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯನ್ನು ರಚಿಸಿದಾಗ, ಐದು ಅಥವಾ ಹೆಚ್ಚು ಕೆಲಸಗಾರರುಳ್ಳ ಸಂಸ್ಥೆಗಳಿಗೆ ಅದು ಅನ್ವಯಿಸತಕ್ಕದ್ದೆಂದು ಇಟ್ಟರು. ಒಂದೇ ಲಾರಿಯ ಮಾಲೀಕನೂ ಅವನ ಚಾಲಕನೂ ಆ ರಕ್ಷಣೆಯ ಹೊರಗೇ ಉಳಿದರು.

ಆದರೂ ಮಾಲೀಕನ ಹೊಣೆ ಇಲ್ಲವೆಂದು ಹೇಳಲು ಬಾರದು. ಪರವಾನಿಗೆಯಿಲ್ಲದವನ ಕೈಗೆ ವಾಹನವನ್ನು ಕೊಡುವ ಮಾಲೀಕನನ್ನು ಕಾಯಿದೆಯು ಶಿಕ್ಷಿಸುತ್ತದೆ. ಚಾಲಕನ ಅಜಾಗರೂಕತೆಯಿಂದ ಸತ್ತವರ ಕುಟುಂಬಕ್ಕೆ ಪರಿಹಾರವನ್ನು ತೆರಬೇಕಾದವನು ಮಾಲೀಕನು. ಅವನ ಪರವಾಗಿ ವಿಮಾ ಕಂಪನಿಯು. ಚಾಲಕನ ಅಜ್ಞಾನದಿಂದ ಬರುವ ನಷ್ಟವು ಮಾಲೀಕನದಾದರೆ, ಅವನ ಜ್ಞಾನಕ್ಕೆ ತಗಲುವ ವೆಚ್ಚದಲ್ಲಿಯೂ ಮಾಲೀಕನಿಗೆ ಪಾಲಿರಬೇಡವೇ? ಸರಕಾರೀ ಸಾರಿಗೆ ನಿಗಮಗಳು ಈ ತತ್ವವನ್ನು ಎಂದೋ ಒಪ್ಪಿಕೊಂಡಿವೆ. ೧೯೩೨ರಲ್ಲಿ ನಿಜಾಮರ ರೈಲ್ವೆಯವರು ೨೭ ಮೋಟಾರು, ೧೬೬ ನೌಕರರಿಂದ ಆರಂಭಿಸಿದ ರಸ್ತೆ ಸಾರಿಗೆಯಿಂದ ಹಿಡಿದು, ೨೦೦೦ದಲ್ಲಿ ಕಲಬುರಗಿಯನ್ನು ಕೇಂದ್ರವಾಗಿಟ್ಟುಕೊಂಡು ಬೇರೆಯಾದ ಇಂದಿನ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದವರೆಗೆ, ನಮ್ಮ ಸೀಮೆಯ ಜನರು ಸಾರ್ವಜನಿಕ ಸಾರಿಗೆಯನ್ನು ಕಂಡವರು. ನಿಗಮವು ತನ್ನ ಚಾಲಕರಿಗಾಗಿ ಹುಮನಾಬಾದದಲ್ಲಿ ತರಬೇತಿಯ ವ್ಯವಸ್ಥೆಯನ್ನು ಇರಿಸಿಕೊಂಡಿದೆ. ಕೆಲಸಕ್ಕಿರುವ ಚಾಲಕನನ್ನು ಮರುತರಬೇತಿಗೆ ಕಳಿಸುವಾಗ, ನಿನ್ನ ಶುಲ್ಕವನ್ನು ನೀನೇ ತಾ ಎಂದು ಅವನಿಗೆ ಹೇಳಿದರೆ ಯಾರೂ ಒಪ್ಪುವುದಿಲ್ಲ. ಸರಕಾರೀ ಮೋಟಾರಿಗೆ ನ್ಯಾಯವಾದುದು ಖಾಸಗೀ ಲಾರಿಗೆ ಅನ್ಯಾಯವಾಗುವುದೆಂತು?

ಪರದೇಶದ ಪಾಠ

ಈ ಪ್ರಶ್ನೆಯು ನಮ್ಮೊಬ್ಬರದೇ ಅಲ್ಲ. ಯುರೋಪದ ಒಕ್ಕೂಟವು ೨೦೦೩ರಲ್ಲಿ ಮಾಡಿದ ಕಟ್ಟಳೆಯ ಮೇರೆಗೆ ಬಸ್ಸಿನ ಚಾಲಕರು ೨೦೦೮ರಿಂದಲೂ ಲಾರಿಯ ಚಾಲಕರು ೨೦೦೯ರಿಂದಲೂ ವೃತ್ತಿಶಿಕ್ಷಣದ ಅರ್ಹತೆಯನ್ನು ಹೊಂದಬೇಕಾಯಿತು. ಆಮೇಲೆ ಪ್ರತಿ ಐದು ವರುಷಕ್ಕೊಮ್ಮೆ ಮೂವತ್ತೈದು ತಾಸುಗಳ ಮರುತರಬೇತಿಯೂ ಕಡ್ಡಾಯವಾಯಿತು. ಕಟ್ಟಳೆ ಉತ್ತಮವಾದುದೇ. ಆದರೆ ವೆಚ್ಚ ಯಾರದೆಂಬುದನ್ನು ಅಲ್ಲಿಯೂ ಅದು ಹೇಳಲಿಲ್ಲ. ಕೆಲವು ಕಡೆ ಮಾಲೀಕರು ಕೊಟ್ಟರು, ಕೆಲವು ಕಡೆ ಚಾಲಕರು ತಮ್ಮ ಜೇಬಿನಿಂದ ಕೊಟ್ಟು ತಮ್ಮ ರಜೆಯ ದಿನಗಳಲ್ಲಿ ಕುಳಿತು ಕಲಿತರು. ೨೦೧೯ರಲ್ಲಿ ಒಕ್ಕೂಟವು ಇನ್ನೊಂದು ಕಟ್ಟಳೆಯಿಂದ, ಮಾಲೀಕನೇ ತರಬೇತಿ ಕೊಡಬೇಕೆಂದು ಕಾಯಿದೆ ವಿಧಿಸಿದಲ್ಲಿ ಅದು ಕೆಲಸಗಾರನಿಗೆ ಉಚಿತವಾಗಿರಬೇಕು, ಅದರ ಸಮಯವು ಕೆಲಸದ ಸಮಯವೆಂದೇ ಎಣಿಕೆಯಾಗಬೇಕು ಎಂದು ಸಾರಿತು. ಆದರೆ ಕಾಯಿದೆಯು ಮಾಲೀಕನ ಮೇಲೆ ಹೊಣೆಯನ್ನು ಸ್ಪಷ್ಟವಾಗಿ ಹೊರಿಸದಿದ್ದಲ್ಲಿ, ತನ್ನ ವೃತ್ತಿಯ ಅರ್ಹತೆಗಾಗಿ ಕೆಲಸಗಾರನು ಪಡೆಯುವ ಶಿಕ್ಷಣಕ್ಕೆ ಈ ಅಭಯವಿಲ್ಲ. ಇದರಿಂದ ನಾವು ಕಲಿಯತಕ್ಕ ಪಾಠವು ಸ್ಪಷ್ಟವಾಗಿದೆ: ಕಡ್ಡಾಯವೆಂದು ಬರೆಯುವ ಲೇಖನಿಯೇ ವೆಚ್ಚ ಯಾರದೆಂದೂ ಬರೆಯಬೇಕು.

ಇಂಗ್ಲೆಂಡಿನವರು ೧೯೬೪ರಲ್ಲಿ ಮಾಲೀಕರ ಆ ಹಳೆಯ ವಾದಕ್ಕೆ ಉತ್ತರವನ್ನು ಹುಡುಕಿದ್ದರು. ಪ್ರತಿಯೊಂದು ಕೈಗಾರಿಕೆಗೂ ಒಂದು ತರಬೇತಿ ಮಂಡಳಿ; ಆ ಕೈಗಾರಿಕೆಯ ಮಾಲೀಕರಿಂದ ವಂತಿಗೆ; ಅದರಿಂದ, ಯಾರು ನಿಜವಾಗಿ ಕಲಿಸುತ್ತಾರೋ ಅವರಿಗೆ ಸಹಾಯಧನ. ರಸ್ತೆ ಸಾರಿಗೆಗೂ ಇಂತಹ ಮಂಡಳಿಯು ಸ್ಥಾಪಿತವಾಯಿತು. ಎಲ್ಲರೂ ಬಿತ್ತಿದಾಗ ಯಾರು ಕೊಯ್ದರೂ ಯಾರಿಗೂ ನಷ್ಟವಿಲ್ಲವೆಂಬುದು ಇದರ ತತ್ವ. ಆ ಶಾಸನಬದ್ಧ ಮಂಡಳಿಯು ಮುಂದೆ ಉಳಿಯಲಿಲ್ಲ. ೨೦೨೧ರಲ್ಲಿ ಲಾರಿ ಚಾಲಕರ ಬರ ಬಿದ್ದು ಅಂಗಡಿಗಳಿಗೆ ಸಾಮಾನು, ಪಂಪುಗಳಿಗೆ ಪೆಟ್ರೋಲು ತಲುಪದಾದಾಗ, ಅಲ್ಲಿಯ ಸರಕಾರವೇ ಮುಂದೆ ಬಂದು ಚಾಲಕರಿಗೆ ಉಚಿತ ಶಿಕ್ಷಣದ ವರ್ಗಗಳನ್ನು ತೆರೆಯಬೇಕಾಯಿತು.

ನಮ್ಮ ಸೂಚನೆ

ಹಾಗಾದರೆ ನಾವು ಮಾಡತಕ್ಕದ್ದೇನು? ಎಲ್ಲವನ್ನೂ ಸರಕಾರವೇ ಕೊಡಲಿ ಎಂದು ಕೈಚೆಲ್ಲುವುದು ಸ್ವತಂತ್ರ ಪ್ರಜೆಗಳಿಗೆ ಶೋಭಿಸುವ ಮಾತಲ್ಲ. ಎಲ್ಲವನ್ನೂ ಚಾಲಕನೇ ಹೊರಲಿ ಎಂಬುದು ಮನುಷ್ಯತ್ವಕ್ಕೆ ಒಪ್ಪುವ ಮಾತಲ್ಲ. ತರಬೇತಿಯಲ್ಲಿ ಬಗೆಗಳಿವೆ, ಬಗೆಗೆ ತಕ್ಕಂತೆ ಹೊಣೆಯನ್ನು ಹಂಚಬೇಕು.

ಮೊದಲನೆಯದು, ವೃತ್ತಿಗೆ ಕಾಲಿಡುವವನ ಆರಂಭದ ಶಿಕ್ಷಣ. ಇದರಿಂದ ಅವನಿಗೆ ಜೀವನೋಪಾಯ ದೊರೆಯುವುದಾದ್ದರಿಂದ ಅವನ ಪಾಲು ಸ್ವಲ್ಪವಿರಲಿ. ಆದರೆ ದೊಡ್ಡ ಪಾಲು ಸಾರ್ವಜನಿಕ ನಿಧಿಯದಾಗಲಿ. ಇದಕ್ಕೆ ಹಣವೆಲ್ಲಿಯದೆಂದು ಕೇಳುವವರಿಗೆ ಉತ್ತರವಿದೆ. ನಮ್ಮ ವಿಧಾನಮಂಡಲವು ೨೦೨೪ರಲ್ಲಿ ಮೋಟಾರು ಸಾರಿಗೆ ಮತ್ತು ಇತರ ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣದ ಅಧಿನಿಯಮವನ್ನು ಮಾಡಿತು. ಆ ನಿಧಿಗಾಗಿ ೨೦೨೫ರ ಫೆಬ್ರುವರಿಯಿಂದ ಹೊಸ ದ್ವಿಚಕ್ರ ವಾಹನಕ್ಕೆ ೫೦೦, ಹೊಸ ಕಾರಿಗೆ ೧,೦೦೦ ರೂಪಾಯಿಯ ಉಪಕರವನ್ನು ನೋಂದಣಿಯ ಕಾಲದಲ್ಲಿ ವಸೂಲು ಮಾಡುವ ಕ್ರಮ ಬಂದಿತು. ರಸ್ತೆಯನ್ನು ಬಳಸುವ ನಾಗರಿಕನು ಚಾಲಕನ ಕ್ಷೇಮಕ್ಕಾಗಿ ಕೊಡುವ ಹಣವಿದು. ಸತ್ತ ಮೇಲೆ ಕೊಡುವ ಪರಿಹಾರವೂ ಕ್ಷೇಮವೇ, ಮಕ್ಕಳ ಓದಿಗೆ ಕೊಡುವ ಸಹಾಯವೂ ಕ್ಷೇಮವೇ; ಆದರೆ ಸಾಯದಂತೆ, ಸಾಯಿಸದಂತೆ ಕಲಿಸುವುದಕ್ಕಿಂತ ಹಿರಿದಾದ ಕ್ಷೇಮವಾವುದು? ಈ ನಿಧಿಯ ಒಂದು ನಿಶ್ಚಿತ ಭಾಗವನ್ನು ತರಬೇತಿಗಾಗಿ ತೆಗೆದಿರಿಸತಕ್ಕದ್ದು. ಸಂವಿಧಾನದ ೩೭೧ನೆಯ ಜೆ ವಿಧಿಯ ಫಲವಾಗಿ ೨೦೧೩ರಲ್ಲಿ ಹುಟ್ಟಿದ ನಮ್ಮ ಪ್ರದೇಶಾಭಿವೃದ್ಧಿ ಮಂಡಳಿಯು, ಎರಡು ಎಕರೆ ನೆಲದ ಒಂದು ಮಾನ್ಯ ಕೇಂದ್ರವನ್ನು ಅಫಜಲಪುರ, ಆಳಂದ, ಜೇವರ್ಗಿ ಮೂರಕ್ಕೂ ಅನುಕೂಲವಾಗುವಲ್ಲಿ ಕಟ್ಟಿಸಿಕೊಡುವುದು ದೊಡ್ಡ ಮಾತಲ್ಲ. ಕಟ್ಟಡಗಳಿಗೆ ಕೊಡುವ ಹಣದಲ್ಲಿ ಸ್ವಲ್ಪ ಮನುಷ್ಯರನ್ನು ಕಟ್ಟಲಿಕ್ಕೂ ದೊರೆಯಲಿ. ಆದರೆ ಒಂದು ಎಚ್ಚರಿಕೆ ಅವಶ್ಯ: ಹಣವು ಶಾಲೆಗೆ ಹೆಸರು ಬರೆಯಿಸಿದ ಮಾತ್ರಕ್ಕೆ ಹೋಗಕೂಡದು; ಶಿಷ್ಯನು ಸ್ವತಂತ್ರವಾದ ಪರೀಕ್ಷೆಯಲ್ಲಿ ಉತ್ತೀರ್ಣನಾದ ಮೇಲೆ ಹೋಗಬೇಕು. ಇಲ್ಲದಿದ್ದರೆ ಪಾಠವಿಲ್ಲದ ಪಟ್ಟಿಗಳೂ ಶಿಷ್ಯರಿಲ್ಲದ ಶಾಲೆಗಳೂ ರಾತ್ರೋರಾತ್ರಿ ಎದ್ದು ನಿಂತಾವು.

ಎರಡನೆಯದು, ಕೆಲಸದಲ್ಲಿರುವ ಚಾಲಕನಿಗೆ ಕಾಯಿದೆಯು ವಿಧಿಸುವ ಮರುತರಬೇತಿ ಮತ್ತು ವಿಶೇಷ ತರಬೇತಿ. ಇದರ ವೆಚ್ಚವು ಸಂಪೂರ್ಣವಾಗಿ ಮಾಲೀಕನದು. ಆ ದಿನಗಳ ಸಂಬಳವೂ ಬತ್ತಾವೂ ನಿಲ್ಲಕೂಡದು. ಶುಲ್ಕವನ್ನು ಕೊಟ್ಟು ಆಮೇಲೆ ಸಂಬಳದಲ್ಲಿ ಮುರಿದುಕೊಳ್ಳುವ ಜಾಣತನಕ್ಕೂ ಎಡೆಯಿರಕೂಡದು. ಅಪಾಯಕರ ಸರಕಿನ ವಿಷಯದಲ್ಲಿಯಂತೂ ಸರಕನ್ನು ಕಳಿಸುವ ಕಂಪನಿಯೂ ಭಾಗಿಯಾಗಬೇಕು. ಅಪಾಯವು ಅದರದು, ಲಾಭವೂ ಅದರದು. ಮಾಲೀಕನೇ ಚಾಲಕನಾಗಿರುವ ಒಂಟಿ ವಾಹನದವನಿಗೆ ಮೇಲೆ ಹೇಳಿದ ನಿಧಿಯು ನೆರವಾಗಲಿ. ತರಬೇತಿ ಹೊಂದಿದ ಚಾಲಕನುಳ್ಳ ವಾಹನಕ್ಕೆ ವಿಮೆಯ ಕಂತಿನಲ್ಲಿ ರಿಯಾಯಿತಿ ದೊರೆತರೆ ಮಾಲೀಕನ ಬಹುಪಾಲು ಭಾರ ಅಲ್ಲಿಯೇ ಇಳಿದೀತು. ಮೂರನೆಯವರ ವಿಮೆಯ ದರವನ್ನು ಕೇಂದ್ರ ಸರಕಾರವೇ ಗೊತ್ತುಪಡಿಸುವುದರಿಂದ ಇದಕ್ಕೆ ಬೇಕಾದುದು ಮನಸ್ಸು ಮಾತ್ರ.

ಮೂರನೆಯದು, ತಪ್ಪಿಗಾಗಿ ವಿಧಿಸುವ ಮರುತರಬೇತಿ. ಕುಡಿದು ನಡೆಸಿದವನು, ಹುಚ್ಚು ವೇಗದಲ್ಲಿ ಓಡಿಸಿದವನು ತನ್ನ ಪ್ರಾಯಶ್ಚಿತ್ತದ ವೆಚ್ಚವನ್ನು ತಾನೇ ಹೊರತಕ್ಕದ್ದು. ಇದರಲ್ಲಿ ಕರುಣೆಗೆ ಸ್ಥಳವಿಲ್ಲ. ಆದರೆ ಮಿತಿಮೀರಿ ಹೇರಿದ ಸರಕು, ವಿಶ್ರಾಂತಿಯಿಲ್ಲದ ದುಡಿಮೆ, ದೀಪವಿಲ್ಲದ ಬಂಡಿ, ಇವು ಚಾಲಕನ ತಪ್ಪುಗಳೋ ಮಾಲೀಕನವೋ ಎಂಬುದನ್ನು ವಿಚಾರಿಸದೆ ಶಿಕ್ಷೆಯನ್ನು ಕೈಗೆ ಸಿಕ್ಕವನ ಮೇಲೆ ಹೊರಿಸಬಾರದು. ೨೦೨೪ರ ಜನವರಿಯಲ್ಲಿ ದೇಶದ ಲಾರಿಗಳು ನಿಂತುದು ನೆನಪಿರಬಹುದು. ಅಪಘಾತ ಮಾಡಿ ಓಡಿಹೋದ ಚಾಲಕನಿಗೆ ಹತ್ತು ವರುಷಗಳವರೆಗೆ ಸೆರೆವಾಸವೆಂಬ ಹೊಸ ದಂಡಸಂಹಿತೆಯ ಮಾತಿಗೆ ಚಾಲಕರು ಬೆದರಿ ಎದ್ದರು. ಆ ವರುಷ ಜುಲೈಯಲ್ಲಿ ಸಂಹಿತೆಯು ಜಾರಿಗೆ ಬಂದಾಗ ಆ ಉಪವಿಧಿಯೊಂದನ್ನು ತಡೆಹಿಡಿಯಲಾಯಿತು. ಶಿಕ್ಷೆಯ ಅವಶ್ಯಕತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಲಿಸುವುದಕ್ಕೆ ಕಾಸಿಲ್ಲವೆನ್ನುವ ಸರಕಾರಕ್ಕೆ ಕಠಿನವಾಗಿ ಶಿಕ್ಷಿಸುವ ನೈತಿಕ ಅಧಿಕಾರವು ಕುಂದುತ್ತದೆಂದು ನಿರ್ಭಯವಾಗಿ ಹೇಳುತ್ತೇವೆ.

ಇನ್ನು ನಮ್ಮ ಸೀಮೆಗೇ ವಿಶೇಷವಾದ ಒಂದು ಮಾತು. ಕಬ್ಬಿನ ಹಂಗಾಮಿಗೆ ಬರುವ ಟ್ರ್ಯಾಕ್ಟರುಗಳ ಚಾಲಕರಲ್ಲಿ ಬಹುಜನರು ಹೊಲದಲ್ಲಿ ನೇಗಿಲು ಹೊಡೆಯಲು ಕಲಿತವರು. ಎರಡು ಟ್ರೇಲರುಗಳನ್ನು ಕಟ್ಟಿಕೊಂಡು ರಾತ್ರಿ ಹೆದ್ದಾರಿಯಲ್ಲಿ ಸಾಗುವುದು ಬೇರೆಯೇ ವಿದ್ಯೆ. ಅವರನ್ನು ತಿಂಗಳುಗಟ್ಟಲೆ ಶಾಲೆಗೆ ಕಳಿಸುವುದು ಆಗದ ಮಾತು. ಆದರೆ ಹಂಗಾಮು ಆರಂಭವಾಗುವ ಮೊದಲು ಸಕ್ಕರೆ ಕಾರ್ಖಾನೆಗಳ ಅಂಗಳದಲ್ಲಿಯೇ ಒಂದು ದಿನದ ಪಾಠವನ್ನು ಏರ್ಪಡಿಸಿ, ಸಾರಿಗೆ ಇಲಾಖೆಯ ಅಧಿಕಾರಿಗಳು ಕಲಿಸಿ, ಪ್ರತಿಯೊಂದು ಟ್ರೇಲರಿಗೂ ಹೊಳೆಯುವ ಪಟ್ಟಿಯನ್ನು ಅಂಟಿಸಿ, ಆ ದಿನದ ಕೂಲಿಯನ್ನೂ ಊಟವನ್ನೂ ಕಾರ್ಖಾನೆಯವರು ಕೊಟ್ಟು, ಅದನ್ನು ಪೂರೈಸಿದ ಚಾಲಕನ ಬಂಡಿಗೆ ಮಾತ್ರ ತೂಕದ ಕಾಂಟಾಕ್ಕೆ ಪ್ರವೇಶವೆಂದು ನಿಯಮ ಮಾಡಿದರೆ, ಮುಂದಿನ ಹಂಗಾಮಿಗೇ ಫಲ ಕಂಡೀತು. ಇದಕ್ಕೆ ಹೊಸ ಕಾಯಿದೆ ಬೇಕಾಗಿಲ್ಲ. ಜಿಲ್ಲಾಧಿಕಾರಿಗಳು, ಕಾರ್ಖಾನೆಯವರು ಮತ್ತು ಬೆಳೆಗಾರರ ಪ್ರತಿನಿಧಿಗಳು ಒಂದು ಮೇಜಿನ ಸುತ್ತ ಕುಳಿತರೆ ಸಾಕು.

ವೆಚ್ಚವೆಲ್ಲ ಕಡೆಗೆ ಬಾಡಿಗೆಯಲ್ಲಿ ಸೇರಿ ನಮ್ಮ ಮೇಲೆಯೇ ಬರುತ್ತದಲ್ಲಾ ಎಂದು ಪಟ್ಟಣದ ಸಂಭಾವಿತರು ಆಕ್ಷೇಪಿಸಬಹುದು. ನಿಜ, ಬರಲಿ. ಲಾರಿಯ ಮೇಲೆ ದಿನಕ್ಕೆ ಐದು ರೂಪಾಯಿ ಹೆಚ್ಚಿದರೆ ಒಂದು ಕಿಲೋ ತೊಗರಿಬೇಳೆಯ ಮೇಲೆ ಎಷ್ಟು ಹೆಚ್ಚೀತು? ಕಣ್ಣಿಗೆ ಕಾಣದಷ್ಟು. ತರಬೇತಿಯಿಲ್ಲದ ಚಾಲಕನ ವೆಚ್ಚವನ್ನು ನಾವು ಈಗಲೂ ತೆರುತ್ತಿದ್ದೇವೆ. ಅದನ್ನು ತೆರುವ ಸ್ಥಳಗಳು ಮಾತ್ರ ಆಸ್ಪತ್ರೆ, ನ್ಯಾಯಾಸ್ಥಾನ ಮತ್ತು ಸ್ಮಶಾನ. ಸಾವಳಗಿಯ ಹತ್ತಿರ ಆ ನಸುಕಿನಲ್ಲಿ ಹುಟ್ಟಬೇಕಾಗಿದ್ದ ಕೂಸು ಯಾವ ಲೆಕ್ಕದ ಪುಸ್ತಕದಲ್ಲಿಯೂ ಸೇರಿಲ್ಲ.

ಪುರಾಣದಲ್ಲಿ ನಮ್ಮವರು ಸಾರಥ್ಯವನ್ನು ಕೀಳು ಕೆಲಸವೆಂದು ಎಣಿಸಲಿಲ್ಲ. ಭಗವಂತನೇ ಪಾರ್ಥನ ರಥದ ಕುದುರೆಗಳ ಹಗ್ಗವನ್ನು ಹಿಡಿದನೆಂದು ನಂಬಿದ ಜನಾಂಗ ನಮ್ಮದು. ಇಂದಿನ ಸಾರಥಿಯಿಂದ ದೈವತ್ವವನ್ನು ಯಾರೂ ಬಯಸುವುದಿಲ್ಲ. ಅವನಿಗೆ ಬೇಕಾದುದು ಮೂವತ್ತು ದಿನಗಳ ಶಿಕ್ಷಣ, ಆ ಮೂವತ್ತು ದಿನಗಳ ಅನ್ನ. ಕಲ್ಯಾಣ ಮಂಡಳಿಯು ತನ್ನ ಮುಂದಿನ ಲೆಕ್ಕಪತ್ರದಲ್ಲಿ ತರಬೇತಿಗೆಂದು ಒಂದು ಸಾಲನ್ನು ಬರೆಯಲಿ. ಸಾರಿಗೆ ಇಲಾಖೆಯು ವೆಚ್ಚ ಯಾರದೆಂಬುದನ್ನು ನಿಯಮದಲ್ಲಿ ಒಂದು ವಾಕ್ಯದಿಂದ ಹೇಳಲಿ. ಅಫಜಲಪುರದ ಕಾರ್ಖಾನೆಯ ಅಂಗಳದಲ್ಲಿ ಮುಂದಿನ ಹಂಗಾಮಿನ ಮೊದಲ ಗಾಡಿ ತೂಕಕ್ಕೆ ಬರುವ ಮುನ್ನ ಮೊದಲ ಪಾಠ ನಡೆಯಲಿ. ಈ ಮೂರನ್ನು ಕೇಳುವುದು ನಮ್ಮ ಹಕ್ಕು. ಕೊಡುವುದು ಪ್ರಜೆಗಳ ಸರಕಾರದ ಕರ್ತವ್ಯ.